ಮುಳ್ಳು ಚುಚ್ಚಿದ ಕಾಲು ಬಾಯುವುದೇಕೆ?

ಹೊಲದಲ್ಲಿ ಜಾಲಿಮುಳ್ಳು ಅಂಗಾಲಿಗೆ ಚುಚ್ಚಿತು ಅನ್ನಿ. ಕಿತ್ತು ಎಸೆದು ಕೆಲಸ ಮುಂದುವರಿಸುತ್ತೀರಿ. ಮರುದಿನ ನೋಡಿದರೆ ಆ ಜಾಗ ಕೆಂಪಾಗಿದೆ, ಬಿಸಿಯಾಗಿದೆ, ಬಾತಿದೆ, ಕಾಲೂರಿದರೆ ನೋವು. ಈ ನಾಲ್ಕೂ ಕೂಡಿದರೆ ಅದಕ್ಕೆ ಉರಿಯೂತ ಎನ್ನುತ್ತಾರೆ. ಇದೆಲ್ಲ ಮುಳ್ಳಿನ ನಂಜು ಎಂದುಕೊಳ್ಳುತ್ತೇವೆ. ನಿಜಕ್ಕೂ ಇದನ್ನು ಮಾಡುವುದು ನಮ್ಮದೇ ದೇಹ. ಅದಕ್ಕೆ ಬಳಸುವ ಸಾಮಗ್ರಿಗಳಲ್ಲಿ ಮುಖ್ಯವಾದದ್ದು ಕೊಬ್ಬು!

ನಮ್ಮ ದೇಹದಲ್ಲಿ ಕಾವಲು ಕಾಯುವ ಬಿಳಿಯ ಕಣಗಳಿವೆ. ರೋಗಾಣುಗಳನ್ನು ನುಂಗುವ ಒಂದು ಬಗೆಯ ಕಣಕ್ಕೆ ಮ್ಯಾಕ್ರೊಫೇಜ್ ಎಂದು ಹೆಸರು. ಅದರ ಮೈಗೆ ಜಿಡ್ಡಿನ ತೆಳುವಾದ ಪೊರೆ ಇದೆ. ರೋಗಾಣು ಒಳಹೊಕ್ಕಾಗ ಈ ಕಣ ತನ್ನ ಪೊರೆಯಿಂದಲೇ ಅರಾಕಿಡಾನಿಕ್ ಆಮ್ಲವೆಂಬ ಕೊಬ್ಬಿನ ತುಣುಕನ್ನು ಕತ್ತರಿಸಿ ತೆಗೆಯುತ್ತದೆ. ಕಿಣ್ವವೊಂದು ಅದನ್ನು ಪ್ರೊಸ್ಟಗ್ಲಾಂಡಿನ್ ಆಗಿ ಮಾರ್ಪಡಿಸುತ್ತದೆ. ಆಗ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚಾಗಿ ಹರಿಯುತ್ತದೆ. ಕೆಂಪು, ಬಿಸಿ, ಬಾವು, ನೋವು ಬರುವುದು ಹೀಗೆ.

ಆಸ್ಪಿರಿನ್ ಗುಳಿಗೆ ಆ ಕಿಣ್ವವನ್ನೇ ತಡೆಯುತ್ತದೆ. ಇದನ್ನು 1971ರಲ್ಲಿ ತೋರಿಸಿದವರು ಇಂಗ್ಲೆಂಡಿನ ಜಾನ್ ವೇನ್. ಅವರಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಸಾಮ್ಯುಯೆಲ್ಸನ್ ಅವರಿಗೂ 1982ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಪ್ರೊಸ್ಟಗ್ಲಾಂಡಿನ್ ಹೊಟ್ಟೆಯ ಒಳಪದರವನ್ನೂ ಕಾಪಾಡುತ್ತದೆ. ಮೈಕೈ ನೋವೆಂದು ಅಂಗಡಿಯಿಂದ ಗುಳಿಗೆ ತಂದು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುವುದು ಇದರಿಂದಲೇ. ಜ್ವರ ಬಂದ ಮಕ್ಕಳಿಗಂತೂ ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬಾರದು.

ಹಚ್ಚಿದ ಬೆಂಕಿಯನ್ನು ಆರಿಸುವವರು ಯಾರು? ಅದೇ ಕಣಗಳು! ಕೆಲಸ ಮುಗಿಯುತ್ತ ಬಂದಂತೆ ಅವು ಕೊಬ್ಬಿನಿಂದಲೇ ಬೇರೆ ವಸ್ತುಗಳನ್ನು ತಯಾರಿಸುತ್ತವೆ. ಅವುಗಳಲ್ಲಿ ಕೆಲವು ಒಮೆಗಾ-3 ಎಂಬ ಕೊಬ್ಬಿನಿಂದ ಹುಟ್ಟುತ್ತವೆ. ಇವು ಹೊಸ ಕಣಗಳು ನುಗ್ಗುವುದನ್ನು ತಡೆದು, ಸತ್ತ ಕಣಗಳನ್ನು ಗುಡಿಸುವಂತೆ ಮಾಡುತ್ತವೆ. ಬಾವು ಇಳಿಯುತ್ತದೆ.

ಇಳಿಯದ ಉರಿಯೂತವೂ ಒಂದಿದೆ. ಹೊಟ್ಟೆಯ ಬೊಜ್ಜು ಅತಿಯಾಗಿ ಬೆಳೆದಾಗ ಅಲ್ಲಿಗೂ ಮ್ಯಾಕ್ರೊಫೇಜ್‌ಗಳು ಬಂದು ಸೇರುತ್ತವೆ ಎಂದು 2003ರಲ್ಲಿ ಸಂಶೋಧಕರು ತೋರಿಸಿದರು. ಅಲ್ಲಿ ಮುಳ್ಳೂ ಇಲ್ಲ, ರೋಗಾಣುವೂ ಇಲ್ಲ. ಆದರೂ ಅವು ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಉರಿಯುತ್ತಿರುತ್ತವೆ. ನೋವಿಲ್ಲ, ಬಾವಿಲ್ಲ, ನಮಗೆ ತಿಳಿಯುವುದೂ ಇಲ್ಲ. ಇದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ.

ಹಾಗೆಂದು ಎಣ್ಣೆಯನ್ನೇ ಬಿಡಬೇಕಾಗಿಲ್ಲ. ಕೊಬ್ಬಿಲ್ಲದೆ ಕಾವಲೂ ಇಲ್ಲ. ಒಮೆಗಾ-3 ದುಬಾರಿ ಡಬ್ಬಿಯಲ್ಲೇ ಸಿಗಬೇಕೆಂದೂ ಇಲ್ಲ. ಕಾಸರಗೋಡಿನವರು ಬೂತಾಯಿ ಎಂದೂ ಮಲಯಾಳದಲ್ಲಿ ಮತ್ತಿ ಎಂದೂ ಕರೆಯುವ ಅಗ್ಗದ ಮೀನಿನಲ್ಲಿ ಅದು ಧಾರಾಳವಾಗಿದೆ. ಸೊಲ್ಲಾಪುರ, ಜತ್ತ ಕಡೆಯವರ ಅಗಸಿ, ಅಂದರೆ ಮರಾಠಿಯ ಜವಸ, ಅದರಲ್ಲೂ ಇನ್ನೊಂದು ಬಗೆಯ ಒಮೆಗಾ-3 ಇದೆ. ದೇಹ ಅದರ ಸ್ವಲ್ಪ ಭಾಗವನ್ನು ಮಾತ್ರ ಮೀನಿನ ಬಗೆಗೆ ಬದಲಿಸಿಕೊಳ್ಳಬಲ್ಲದು. ಆದರೂ ರೊಟ್ಟಿಯ ಜೊತೆ ಅಗಸಿ ಹಿಂಡಿ ಒಳ್ಳೆಯದೇ.

ಕರಿದ ತಿಂಡಿ ಕಡಿಮೆ ಮಾಡಿ, ದಿನವೂ ನಡೆಯಿರಿ, ಸೊಂಟದ ಸುತ್ತಳತೆಯ ಮೇಲೆ ಕಣ್ಣಿಡಿ. ಕಾಲಿನ ಬಾವು ಕೆಲವು ದಿನಗಳಲ್ಲಿ ಇಳಿಯದಿದ್ದರೆ, ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಅವರಿಗೆ ಮುಳ್ಳು ಚುಚ್ಚಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸಿ.