ಸಾಂಬ್ರಾದ ಗುಡುಗು, ಕಾಗಿನೆಲೆಯ ಅಜ್ಜ

ಕಾಗಿನೆಲೆ ಬಸ್ ನಿಲ್ದಾಣದ ಚಾ ಅಂಗಡಿ ಕಟ್ಟೆ ಮೇಲೆ ಕೂಡುವ ಅಜ್ಜನವರಿಗೆ ಎಂಬತ್ತೈದು ದಾಟಿದೆ. ಬಸ್ಸು ಕಾಯುವವರು ಕೇಳಲಿ ಬಿಡಲಿ, ಸಾಂಬ್ರಾದ ಕತೆ ಶುರುವಾಗುತ್ತದೆ.

ಬೆಳಗಾವಿ ಹತ್ತಿರದ ಸಾಂಬ್ರಾ ವಿಮಾನ ನೆಲೆ ಬ್ರಿಟಿಷರು 1942ರಲ್ಲಿ ಮಹಾಯುದ್ಧದ ತುರ್ತಿಗೆ ಕಟ್ಟಿಸಿದ್ದು. ಯುದ್ಧ ಮುಗಿಯಿತು, ಅವರು ಹೋದರು. ಅಜ್ಜನವರ ನೆನಪು ಮಾತ್ರ 1961ರದು. ಆಗ ಅವರು ಹತ್ತಿ ಲಾರಿ ಕ್ಲೀನರ್. ಡಿಸೆಂಬರ್ 18ರ ಬೆಳಗ್ಗೆ ಲಾರಿ ಪಂಕ್ಚರ್ ಆಗಿ ಸಾಂಬ್ರಾ ರಸ್ತೆ ಬದಿಗೆ ನಿಂತಿತ್ತು.

"ಒಂದರ ಹಿಂದ ಒಂದು ಇಮಾನ ಎದ್ದವು ನೋಡ್ರಿ. ಹೊಲದಾಗಿನ ಎತ್ತು ಕಣ್ಣಿ ಹರಕೊಂಡು ಓಡಿದವು. ನಾನೂ ಲಾರಿ ಕೆಳಗ ಹೊಕ್ಕೆ!"

ಆ ಆರು ಹಂಟರ್ ವಿಮಾನಗಳು ಗೋವೆಯ ಬಾಂಬೋಳಿಯಲ್ಲಿದ್ದ ಪೋರ್ಚುಗೀಸರ ನಿಸ್ತಂತು ಕೇಂದ್ರಕ್ಕೆ ಹೊಡೆದವು. ಮರುದಿನ ಗೋವೆ ನಮ್ಮದಾಯಿತು. ಅಜ್ಜನವರಿಗೆ ಇದು ತಿಳಿದದ್ದು ಎರಡು ದಿನ ಬಿಟ್ಟು, ಹುಬ್ಬಳ್ಳಿ ಖಾನಾವಳಿಯಲ್ಲಿ.

ಹಂಟರ್‌ಗಳು ಈಗಿಲ್ಲ. ಸಾಂಬ್ರಾದಲ್ಲಿ ಇಳಿಯುವುದು ಪ್ರಯಾಣಿಕರ ವಿಮಾನ. ಆದರೆ ವಾಯುಪಡೆಯ ತರಬೇತಿ ಶಾಲೆ ಅಲ್ಲೇ ಇದೆ. ಮೊಮ್ಮಗ ಅಗ್ನಿವೀರನಾಗಿ ಅಲ್ಲಿಗೇ ಹೊರಟಿದ್ದಾನೆ. 2022ರ ಆ ಯೋಜನೆಯಲ್ಲಿ ನೌಕರಿ ನಾಲ್ಕು ವರ್ಷ. ಮುಂದುವರಿಸುವುದು ನೂರಕ್ಕೆ ಹೆಚ್ಚೆಂದರೆ 25 ಮಂದಿಯನ್ನು.

"ಪೇಪರಿನವರು ನೀವು. ಉಳಿದ ಹುಡುಗರು ಆಮ್ಯಾಲೆ ಏನು ಮಾಡಬೇಕು, ಹೇಳ್ರಿ?" ಎಂದರು ಅಜ್ಜ.

ಅಷ್ಟರಲ್ಲಿ ಬ್ಯಾಡಗಿ ಬಸ್ಸು ಬಂತು.