ಸಣ್ಣ ಉದ್ದಿಮೆದಾರರಿಗೆ ವ್ಯವಹಾರ ಪತ್ರಿಕೆಗಳಿಂದ ಆಗುವ ಪ್ರಯೋಜನ

ಬೆಳೆದದ್ದನ್ನು ಬೆಳೆದಂತೆಯೇ ಪೇಟೆಗೆ ಹಾಕದೆ, ಅದನ್ನು ಹದಮಾಡಿ, ಪೊಟ್ಟಣ ಕಟ್ಟಿ ಮಾರುವ ರೈತ ಕುಟುಂಬಗಳನ್ನು ಮೈಸೂರಿನ ಸುತ್ತಮುತ್ತ ಈಗ ಸಾಕಷ್ಟು ಕಾಣಬಹುದು. ಬಾಳೆಕಾಯಿ ಚಿಪ್ಸು, ಹಪ್ಪಳ ಸಂಡಿಗೆ, ರಾಗಿ ಹುರಿಹಿಟ್ಟು, ಗಾಣದ ಎಣ್ಣೆ, ಊದುಬತ್ತಿ, ಹೀಗೆ ಕಸುಬುಗಳು ಹಲವು. ಇಂಥ ಕುಟುಂಬದ ಬಾಳೆ ತೋಟಕ್ಕೆ ರೋಗ ತಗುಲಿದರೆ ಎಲ್ಲಿಗೆ ಹೋಗಿ ಕೇಳಬೇಕೆಂಬುದು ತಿಳಿದೇ ಇದೆ. ರೈತ ಸಂಪರ್ಕ ಕೇಂದ್ರವಿದೆ, ನಾಗನಹಳ್ಳಿಯ ಸಂಶೋಧನಾ ಕೇಂದ್ರವಿದೆ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವಿದೆ. ಆದರೆ ಪೊಟ್ಟಣದ ಮೇಲೆ ಏನೇನು ಮುದ್ರಿಸಬೇಕು, ತೆರಿಗೆ ಎಷ್ಟು ಬೀಳುವುದು, ಅಂಗಡಿಯವರು ಬಾಕಿ ಉಳಿಸಿಕೊಂಡರೆ ಏನು ಮಾಡಬೇಕು, ಬರುವ ವರ್ಷ ಈ ಮಾಲಿಗೆ ಗಿರಾಕಿ ಇರುವುದೋ ಇಲ್ಲವೋ ಎಂಬ ಪ್ರಶ್ನೆಗಳು ಎದ್ದಾಗ ಆತ ಸಾಮಾನ್ಯವಾಗಿ ಕೇಳುವುದು ಪಕ್ಕದ ಅಂಗಡಿಯವನನ್ನು, ಇಲ್ಲವೇ ಮಾಲು ಕೊಳ್ಳಲು ಬಂದ ದಲ್ಲಾಳಿಯನ್ನು. ಕೊಳ್ಳುವವನ ಬಾಯಿಂದಲೇ ಧಾರಣೆ ಕೇಳಿ ತಿಳಿಯುವ ಈ ಪದ್ಧತಿಯಿಂದ ಎಷ್ಟು ನಷ್ಟವಾಗುತ್ತದೆಂಬುದನ್ನು ಹೇಳಬೇಕಾಗಿಲ್ಲ. ವ್ಯವಹಾರ ಪತ್ರಿಕೆಗಳು ಉಪಯೋಗಕ್ಕೆ ಬರುವುದು ಈ ಜಾಗದಲ್ಲಿಯೇ.

ಇದು ಮೈಸೂರಿಗೆ ಹೊಸ ವಿಚಾರವೇನೂ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಪದಭ್ಯುದಯ ಸಮಾಜ, ಅಂದರೆ ಎಕನಾಮಿಕ್ ಕಾನ್ಫರೆನ್ಸ್, ಆರಂಭವಾಯಿತು. ಬೇಸಾಯ, ವಿದ್ಯೆ, ಕೈಗಾರಿಕೆ ಮತ್ತು ವಾಣಿಜ್ಯ ಈ ವಿಷಯಗಳನ್ನು ಬೇರೆ ಬೇರೆ ಸಮಿತಿಗಳು ನೋಡಿಕೊಳ್ಳುತ್ತಿದ್ದವು. ಅದರ ಬೆನ್ನಿಗೇ, 1915ರಲ್ಲಿ, ಸಿ. ಹಯವದನರಾಯರ ಸಂಪಾದಕತ್ವದಲ್ಲಿ 'ಮೈಸೂರು ಎಕನಾಮಿಕ್ ಜರ್ನಲ್' ಎಂಬ ಇಂಗ್ಲಿಷ್ ಮಾಸಪತ್ರಿಕೆ ಹೊರಟಿತು. ಬ್ಯಾಂಕು, ಕಾರ್ಖಾನೆಗಳ ಜೊತೆಗೆ ಮಾಹಿತಿಯೂ ಬಂಡವಾಳವೇ ಎಂಬ ತಿಳಿವಳಿಕೆ ಅಂದಿನವರಿಗೆ ಇತ್ತು. ಆ ಪತ್ರಿಕೆ ಇಂಗ್ಲಿಷ್ ಬಲ್ಲವರಿಗಷ್ಟೇ ಸಿಕ್ಕಿತೆಂಬುದು ಬೇರೆ ಮಾತು. ಈ ಕೊರತೆ ಇಂದಿಗೂ ಪೂರ್ತಿ ನೀಗಿಲ್ಲ.

ಮೊದಲೇ ತಿಳಿದರೆ ಉಳಿಯುವ ಹಣ

ಸರ್ಕಾರದ ನಿಯಮಗಳು ಒಮ್ಮೆಗೇ ಬಂದು ಬೀಳುವುದು ಕಡಿಮೆ. ಬಹುಪಾಲು ನಿಯಮಗಳಿಗೆ ಒಂದು ಜಾರಿ ದಿನಾಂಕವಿರುತ್ತದೆ. ಪ್ರಕಟಣೆಗೂ ಜಾರಿಗೂ ನಡುವೆ ಅವಕಾಶವಿರುತ್ತದೆ. ಉದಾಹರಣೆಗೆ, ಪ್ಲಾಸ್ಟಿಕ್ ಕೈಚೀಲಗಳ ದಪ್ಪವನ್ನು ಹೆಚ್ಚಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಅದರಂತೆ ಆ ವರ್ಷದ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ದಪ್ಪ ಇರಲೇಬೇಕಾಯಿತು. ಹದಿನಾರು ತಿಂಗಳ ಮುಂಚೆಯೇ ದಿನಾಂಕ ಗೊತ್ತಿದ್ದವರು ತೆಳು ಚೀಲಗಳನ್ನು ಮೂಟೆಗಟ್ಟಲೆ ಕೊಂಡಿಟ್ಟುಕೊಳ್ಳುವ ಪ್ರಮೇಯವಿರಲಿಲ್ಲ. ಅದೇ ರೀತಿ, ಪೊಟ್ಟಣ ಕಟ್ಟಿದ ಖಾರದ ತಿಂಡಿ ಹಾಗೂ ಹಣ್ಣಿನ ಜಾಮುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರ ಬದಲು 5 ಆಯಿತು. ಮಂಡಳಿಯ ತೀರ್ಮಾನ ಹೊರಬಿದ್ದದ್ದು ಸೆಪ್ಟೆಂಬರ್ 3ರಂದು. ನಡುವಿನ ಆ ಹತ್ತೊಂಬತ್ತು ದಿನಗಳಲ್ಲಿ ಸುದ್ದಿ ಓದಿದವನು ಹಳೆಯ ಬೆಲೆಯ ಪೊಟ್ಟಣಗಳನ್ನು ಹೊಸದಾಗಿ ಅಚ್ಚು ಹಾಕಿಸಲಾರ.

ಮೈಸೂರಿಗೆ ಹೆಸರು ತಂದ ಊದುಬತ್ತಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹೊರದೇಶಗಳಿಂದ ಬರುತ್ತಿದ್ದ ಊದುಬತ್ತಿಯ ಆಮದನ್ನು ಕೇಂದ್ರ ಸರ್ಕಾರ 2019ರ ಆಗಸ್ಟ್ 31ರಂದು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಬತ್ತಿ ಹೊಸೆಯುವವರಿಗೆ ಇದರಿಂದ ಅನುಕೂಲ. ಆದರೆ 2020ರ ಜೂನ್‌ನಲ್ಲಿ ಬತ್ತಿಗೆ ಬೇಕಾಗುವ ಬಿದಿರು ಕಡ್ಡಿಯ ಆಮದು ಸುಂಕ ಶೇಕಡ 10ರಿಂದ 25ಕ್ಕೆ ಏರಿತು. ವಿಯೆಟ್ನಾಂ, ಚೀನಾಗಳ ಕಡ್ಡಿಯನ್ನೇ ನೆಚ್ಚಿಕೊಂಡಿದ್ದವರ ಉತ್ಪಾದನಾ ವೆಚ್ಚ ಇದರಿಂದ ಹೆಚ್ಚುವುದು ಸಹಜ. ಹೀಗೆ ಒಂದೇ ವರ್ಷದೊಳಗೆ ಒಂದೇ ಕಸುಬಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು. ಇವೆರಡರ ಜೊತೆಗೆ ಮೂರನೆಯ ಸುದ್ದಿಯೊಂದನ್ನು ಸೇರಿಸಿ ಓದಬೇಕು: ಅರಣ್ಯದ ಹೊರಗೆ ಬೆಳೆದ ಬಿದಿರನ್ನು 'ಮರ' ಎಂಬ ವ್ಯಾಖ್ಯೆಯಿಂದ 2017ರಲ್ಲಿ ಕೈಬಿಡಲಾಯಿತು. ಅಂದರೆ ರೈತರು ಬದುವಿನ ಮೇಲೆ ಬಿದಿರು ಬೆಳೆದು ಕಡಿದು ಮಾರಲು ಅರಣ್ಯ ಕಾಯಿದೆಯ ಅಡ್ಡಿ ತಪ್ಪಿತು. ಬಿಡಿಬಿಡಿಯಾಗಿ ಕೇಳಿದರೆ ಈ ಮೂರೂ ಬರೀ ಸುದ್ದಿಗಳು. ಕೂಡಿಸಿ ನೋಡಿದರೆ ಕಡ್ಡಿ ಸೀಳುವ ಒಂದು ಸಣ್ಣ ಘಟಕದ ಯೋಚನೆ ಹುಟ್ಟುತ್ತದೆ. ಯಾವ ಜಾತಿಯ ಬಿದಿರು ಕಡ್ಡಿಗೆ ಒದಗುತ್ತದೆ, ಗೆಣ್ಣಿನ ಅಂತರ ಎಷ್ಟಿರಬೇಕು ಎಂಬುದನ್ನು ಆಮೇಲೆ ತಜ್ಞರಿಂದ ಕೇಳಿ ತಿಳಿಯಬಹುದು.

ವೆನಿಲ್ಲಾ ಕಲಿಸಿದ್ದು

ಪತ್ರಿಕೆ ಓದಿದವರೆಲ್ಲ ಲಾಭ ಮಾಡಿಕೊಂಡರೆಂದು ಭಾವಿಸಬಾರದು. ಓದಿ ಕೆಟ್ಟವರೂ ಉಂಟು. ಮಲೆನಾಡು, ಕೊಡಗು ಹಾಗೂ ಕರಾವಳಿಯ ಬೆಳೆಗಾರರಿಗೆ ವೆನಿಲ್ಲಾದ ಕಥೆ ಚೆನ್ನಾಗಿ ನೆನಪಿರುತ್ತದೆ. ಹಸಿ ಕೋಡಿಗೆ ಕಿಲೋಗೆ ಕೆಲವು ನೂರು ರೂಪಾಯಿ ಇದ್ದ ಧಾರಣೆ 2003ರ ಸುಮಾರಿಗೆ ಮೂರು ಸಾವಿರ ರೂಪಾಯಿಗಳನ್ನು ದಾಟಿತು. ಅಂದಿನ ಪತ್ರಿಕೆಗಳ ತುಂಬ ವೆನಿಲ್ಲಾ ಬೆಳೆದು ಮನೆ ಕಟ್ಟಿಸಿದವರ, ಕಾರು ಕೊಂಡವರ ಚಿತ್ರಗಳು. ತೋಟದಿಂದ ಕೋಡು ಕಳುವಾಗದಂತೆ ರಾತ್ರಿ ಕಾವಲು ಕಾಯುವ ಕಾಲ ಬಂತು. ಬಳ್ಳಿಯ ತುಂಡುಗಳಿಗೇ ಚಿನ್ನದ ಬೆಲೆ. ಸಾಲ ಮಾಡಿ ನೆಟ್ಟವರು ಬಹಳ ಮಂದಿ. ಎರಡು ಮೂರು ವರ್ಷಗಳಲ್ಲಿ ಅದೇ ಹಸಿ ಕೋಡನ್ನು ಕಿಲೋಗೆ ನೂರು ರೂಪಾಯಿಗೂ ಕೇಳುವವರಿಲ್ಲದಂತಾಯಿತು.

ಹೀಗೇಕಾಯಿತು? ಲೋಕದ ವೆನಿಲ್ಲಾದ ಬಹುಭಾಗ ಬರುವುದು ಮಡಗಾಸ್ಕರ್ ದ್ವೀಪದಿಂದ. 2000ದಲ್ಲಿ ಅಲ್ಲಿಗೆ ದೊಡ್ಡ ಚಂಡಮಾರುತ ಅಪ್ಪಳಿಸಿ ತೋಟಗಳು ನೆಲಕಚ್ಚಿದವು. ಮಾಲು ಕಡಿಮೆಯಾಗಿ ಧಾರಣೆ ಏರಿತು. ವೆನಿಲ್ಲಾ ಬಳ್ಳಿ ನೆಟ್ಟ ಮೂರನೆಯ ವರ್ಷದಿಂದ ಹೂ ಬಿಡಲು ತೊಡಗುತ್ತದೆ. ಮಡಗಾಸ್ಕರದವರು ಮರುವರ್ಷವೇ ಮತ್ತೆ ನೆಟ್ಟರೆಂದು ಇಟ್ಟುಕೊಂಡರೂ 2004ರ ಹೊತ್ತಿಗೆ ಅವರ ಮಾಲು ಪುನಃ ಪೇಟೆಗೆ ಬರಬೇಕು; ಬಂದೂ ಬಂತು. ಅಷ್ಟರಲ್ಲಿ ಐಸ್‌ಕ್ರೀಮು, ಬಿಸ್ಕತ್ತು ತಯಾರಿಸುವ ದೊಡ್ಡ ಕಂಪನಿಗಳು ದುಬಾರಿ ಕೋಡನ್ನು ಬಿಟ್ಟು ಕೃತಕ ವೆನಿಲಿನ್ ಕಡೆಗೆ ತಿರುಗಿದ್ದವು. 2003ರಲ್ಲಿ ಇಲ್ಲಿ ನೆಟ್ಟ ಬಳ್ಳಿ ಕಾಯಿ ಕೊಡುವುದು 2006ಕ್ಕೆ. ಈ ಲೆಕ್ಕಕ್ಕೆ ಬೆರಳುಗಳು ಸಾಕು. ಆದರೆ ಲೆಕ್ಕ ಹಾಕಲು ಚಂಡಮಾರುತದ ಸುದ್ದಿ, ಬಳ್ಳಿಯ ಗುಣ, ಕಂಪನಿಗಳ ನಡೆ ಈ ಮೂರೂ ಬೇಕು. ಯಶಸ್ಸಿನ ಕಥೆಗಳನ್ನು ಮಾತ್ರ ಅಚ್ಚು ಹಾಕಿದ ಪತ್ರಿಕೆಗಳಲ್ಲಿ ಮೊದಲನೆಯದೂ ಮೂರನೆಯದೂ ಸಿಗುತ್ತಿರಲಿಲ್ಲ.

ಆದುದರಿಂದ ಪತ್ರಿಕೆ ಕೈಗೆ ಬಂದಾಗ ಒಂದು ಲೇಖನ ಯಾವ ಜಾತಿಯದು ಎಂದು ಮೊದಲು ಗುರುತಿಸಿಕೊಳ್ಳುವುದು ಒಳ್ಳೆಯದು. ಆದಾಯವನ್ನಷ್ಟೇ ಹೇಳಿ ಖರ್ಚನ್ನು ಹೇಳದ ಲೇಖನ, ಸಸಿ ಅಥವಾ ಯಂತ್ರ ಮಾರುವವನ ವಿಳಾಸದೊಂದಿಗೆ ಮುಗಿಯುವ ಲೇಖನ, ಕೊಂಡುಕೊಳ್ಳುವವರು ಯಾರೆಂದೇ ತಿಳಿಸದ ಲೇಖನ, ಇವೆಲ್ಲ ಜಾಹೀರಾತಿನ ತಮ್ಮಂದಿರು. ಮೊಬೈಲಿನಲ್ಲಿ ಹರಿದುಬರುವ ವಾಟ್ಸಾಪ್ ಸಂದೇಶಗಳಿಗೂ ಇದೇ ಮಾತು ಸಲ್ಲುತ್ತದೆ. ಅವುಗಳಲ್ಲಿ ಎಷ್ಟೋ ಸಲ ತಾರೀಖು ಕೂಡ ಇರುವುದಿಲ್ಲ.

ಬಾಕಿಯ ಲೆಕ್ಕ

ಸಣ್ಣ ಉದ್ದಿಮೆಗಳು ಮುಚ್ಚುವುದು ಮಾಲು ಕೆಟ್ಟದಾಗಿದ್ದಕ್ಕೆ ಎಂದು ಜನ ತಿಳಿಯುತ್ತಾರೆ. ಮಾಲು ಚೆನ್ನಾಗಿದ್ದು, ಮಾರಾಟವೂ ಆಗಿ, ಹಣ ಕೈಗೆ ಬಾರದೆ ಮುಚ್ಚಿದವೇ ಎಷ್ಟೋ. ತಿಂಗಳಿಗೆ 40,000 ರೂಪಾಯಿನ ಚಿಪ್ಸು, ಹಪ್ಪಳಗಳನ್ನು ನಗರದ ಒಂದು ದೊಡ್ಡ ಮಳಿಗೆಗೆ ಸಾಲದ ಮೇಲೆ ಕೊಡುವ ಕುಟುಂಬವೊಂದಿದೆ ಎಂದಿಟ್ಟುಕೊಳ್ಳಬಹುದು. ಲಾಭ ನೂರಕ್ಕೆ ಹತ್ತು, ಅಂದರೆ 4,000 ರೂಪಾಯಿ. ಮಳಿಗೆಯವರು 45 ದಿನಕ್ಕೆ ಕೊಡಬೇಕಾದ ಹಣವನ್ನು 90 ದಿನಕ್ಕೆ ಕೊಡುತ್ತಾರೆ. ಈ ಒಂದೂವರೆ ತಿಂಗಳು ಎಣ್ಣೆ, ಬೇಳೆ ಕೊಳ್ಳಲು ಕುಟುಂಬದವರು ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ ಮಾಡಿದರೆ, ಅಷ್ಟೂ ಮೊತ್ತಕ್ಕೆ ಬಡ್ಡಿಯೇ 1,200 ರೂಪಾಯಿ. ಒಲೆಯ ಮುಂದೆ ಬೆಂದು ಸಂಪಾದಿಸಿದ ಲಾಭದಲ್ಲಿ ಸುಮಾರು ಮೂರನೇ ಒಂದು ಭಾಗ ಮಳಿಗೆಯವರ ಸೋಮಾರಿತನಕ್ಕೆ ಹೋಯಿತು.

ಇದಕ್ಕೆ ಪರಿಹಾರ ಕಾನೂನಿನಲ್ಲಿಯೇ ಇದೆ. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನಂತೆ, ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಯಿಂದ ಮಾಲು ಪಡೆದವರು ಒಪ್ಪಿಕೊಂಡ ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಏನೇ ಇದ್ದರೂ ಅವಧಿ 45 ದಿನಗಳನ್ನು ಮೀರಕೂಡದು. ಮೀರಿದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳಿಂದ ತಿಂಗಳಿಗೆ ಚಕ್ರಬಡ್ಡಿ ಲೆಕ್ಕದಲ್ಲಿ ಕೊಡಬೇಕಾಗುತ್ತದೆ. ದೂರು ಕೇಳಲು ರಾಜ್ಯದಲ್ಲಿ ಸೌಲಭ್ಯ ಮಂಡಳಿಯಿದೆ. 2017ರಿಂದ 'ಸಮಾಧಾನ್' ಎಂಬ ಅಂತರ್ಜಾಲ ತಾಣದ ಮೂಲಕವೂ ದೂರು ಸಲ್ಲಿಸುವ ವ್ಯವಸ್ಥೆ ಬಂತು. ಆದರೆ ಇದರ ಫಲ ಸಿಗಬೇಕಾದರೆ ಮಾಲು ಕೊಡುವ ಮುಂಚೆಯೇ 'ಉದ್ಯಮ್' ನೋಂದಣಿ ಆಗಿರಬೇಕು. ಈ ನೋಂದಣಿಗೆ ಶುಲ್ಕವಿಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ಮಾಲು ತಯಾರಿಸುವವರಿಗೆ ಈ ರಕ್ಷಣೆಯಿದೆಯೇ ಹೊರತು, ಬೇರೆಯವರ ಮಾಲನ್ನು ಕೊಂಡು ಮಾರುವ ವ್ಯಾಪಾರಿಗಳಿಗಿಲ್ಲ. ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟದ್ದು ಬ್ಯಾಂಕ್ ಸಾಲದ ಅನುಕೂಲಕ್ಕಾಗಿ ಮಾತ್ರ.

ಸದಾ ಮಾಲು ಕೊಳ್ಳುವ ಮಳಿಗೆಯ ಮೇಲೆ ದೂರು ಕೊಟ್ಟು ಗಿರಾಕಿಯನ್ನು ಕಳೆದುಕೊಳ್ಳಲು ಯಾರೂ ಇಷ್ಟಪಡುವುದಿಲ್ಲವೆಂಬುದು ನಿಜ. ಆದರೂ ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆಯನ್ನೂ '45 ದಿನಗಳೊಳಗೆ ಪಾವತಿ' ಎಂಬ ಒಂದು ಸಾಲನ್ನೂ ಅಚ್ಚು ಹಾಕಿಸಲು ಯಾವ ಜಗಳವೂ ಬೇಕಿಲ್ಲ. ಮಳಿಗೆಯ ಲೆಕ್ಕಪರಿಶೋಧಕರಿಗೆ ಆ ಸಾಲಿನ ಅರ್ಥ ಗೊತ್ತಿರುತ್ತದೆ. ಇಂಥ ತಿಳಿವಳಿಕೆ ವ್ಯವಹಾರ ಪತ್ರಿಕೆಗಳ ಪ್ರಶ್ನೋತ್ತರ ಅಂಕಣಗಳಲ್ಲಿ ದೊರೆಯುತ್ತದೆ. ಮುಖಪುಟದ ಲೇಖನಕ್ಕಿಂತ ಹಿಂಬದಿಯ ಆ ಅಂಕಣಗಳನ್ನೇ ಮೊದಲು ಓದುವುದು ಲಾಭಕರ.

ಯಾವ ಪತ್ರಿಕೆ, ಎಲ್ಲಿ?

ಇಂಗ್ಲಿಷಿನ ದೊಡ್ಡ ವ್ಯವಹಾರ ಪತ್ರಿಕೆಗಳಲ್ಲಿ ಷೇರು ಪೇಟೆ, ದೊಡ್ಡ ಕಂಪನಿಗಳ ವಿಷಯವೇ ಹೆಚ್ಚು. ಹಪ್ಪಳ ಮಾಡುವವರಿಗೆ ಅವುಗಳಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. ಮುಂಗಡಪತ್ರದ ತಿಂಗಳಲ್ಲಿ ನೋಡಿದರೆ ಸಾಕು. ಅದಕ್ಕಿಂತ ಆಯಾ ಕಸುಬಿಗೆ ಸಂಬಂಧಿಸಿದ ಪತ್ರಿಕೆಗಳು ಮೇಲು. ಆಹಾರ ಪದಾರ್ಥ ತಯಾರಿಸುವವರ ಮಟ್ಟಿಗೆ ಮೈಸೂರಿನವರು ಅದೃಷ್ಟವಂತರು. 1950ರಲ್ಲಿ ಇಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ, 1957ರಲ್ಲಿ ಹುಟ್ಟಿದ ಆಹಾರ ವಿಜ್ಞಾನಿಗಳ ಮತ್ತು ತಂತ್ರಜ್ಞರ ಸಂಘವೂ ನಗರದಲ್ಲಿಯೇ ಇವೆ. ಈ ಸಂಘ ವಿಜ್ಞಾನದ ನಿಯತಕಾಲಿಕದ ಜೊತೆಗೆ ಉದ್ದಿಮೆದಾರರಿಗಾಗಿ 'ಇಂಡಿಯನ್ ಫುಡ್ ಇಂಡಸ್ಟ್ರಿ' ಎಂಬ ಪತ್ರಿಕೆಯನ್ನು ಹೊರತಂದಿದೆ. ರೇಷ್ಮೆ ನೂಲು ಬಿಚ್ಚುವವರಿಗೂ ನೇಯುವವರಿಗೂ ಕೇಂದ್ರ ರೇಷ್ಮೆ ಮಂಡಳಿಯ 'ಇಂಡಿಯನ್ ಸಿಲ್ಕ್' ಇದೆ. 2011ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿದು ಕರ್ನಾಟಕದ ಗೂಡಿನ ಧಾರಣೆ ಕುಸಿದದ್ದನ್ನು ಕಂಡವರಿಗೆ ಸುಂಕದ ಸುದ್ದಿಯ ಬೆಲೆ ಗೊತ್ತು. 2013ರಲ್ಲಿ ಅದನ್ನು 15ಕ್ಕೆ ಏರಿಸಲಾಯಿತು. ಸುದ್ದಿ ಓದಿದ ಮಾತ್ರಕ್ಕೆ ಗೂಡಿನ ಬೆಲೆ ನಿಲ್ಲುತ್ತಿರಲಿಲ್ಲ. ನೂಲಿನ ದಾಸ್ತಾನು ಇಟ್ಟುಕೊಳ್ಳಬೇಕೇ, ಕೂಡಲೇ ಮಾರಬೇಕೇ ಎಂಬುದನ್ನಾದರೂ ತೀರ್ಮಾನಿಸಬಹುದಿತ್ತು.

ಕನ್ನಡದಲ್ಲಿ ಹೆಸರಿಸಲೇಬೇಕಾದದ್ದು ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'. ಹೆಸರು ಅಡಿಕೆಯದಾದರೂ ಹಲಸು, ಬಾಳೆಗಳ ಮೌಲ್ಯವರ್ಧನೆಯ ಬಗ್ಗೆ ಅದು ವರ್ಷಗಟ್ಟಲೆ ಬರೆದಿದೆ. ಕೃಷಿಕರೇ ಬರೆಯಬೇಕೆಂಬುದು ಅದರ ಪದ್ಧತಿಯಾದುದರಿಂದ ಖರ್ಚಿನ ಲೆಕ್ಕವೂ ಸೋಲೂ ಅದರಲ್ಲಿ ಕಾಣಸಿಗುತ್ತವೆ. 2021ರಲ್ಲಿ ಬಾಳೆಯ ಧಾರಣೆ ನೆಲಕಚ್ಚಿದಾಗ ಸಂಪಾದಕ ಶ್ರೀಪಡ್ರೆಯವರು ಬಾಳೆಕಾಯಿ ಹುಡಿಯನ್ನು ಮನೆಯಲ್ಲಿಯೇ ತಯಾರಿಸುವ ವಿಧಾನಕ್ಕೆ ಪ್ರಚಾರ ಕೊಟ್ಟರು. 'ಬಾಕಾಹು' ಎಂಬ ಹೆಸರಿನಲ್ಲಿ ಅದು ಅನೇಕ ಜಿಲ್ಲೆಗಳಲ್ಲಿ ಹರಡಿತು. ಕಿರು ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಯೋಜನೆಯಲ್ಲಿ ಮೈಸೂರು ಜಿಲ್ಲೆಗೆ ಗೊತ್ತುಮಾಡಿದ ಬೆಳೆಯೂ ಬಾಳೆಯೇ. ಅದರಲ್ಲಿ ಯೋಜನಾ ವೆಚ್ಚದ ಶೇಕಡ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಲದೊಡನೆ ಸಹಾಯಧನ ಗೊತ್ತುಮಾಡಲಾಗಿತ್ತು. ಇಂಥ ಯೋಜನೆಗಳಿಗೆ ಕಾಲಮಿತಿ ಇರುತ್ತದೆ. ಹಳೆಯ ಸಂಚಿಕೆಯಲ್ಲಿ ಓದಿದ್ದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಾಗಲಿ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಾಗಲಿ ವಿಚಾರಿಸಿಕೊಂಡೇ ಮುಂದುವರಿಯಬೇಕು.

ಎಲ್ಲವನ್ನೂ ಚಂದಾ ಕಟ್ಟಿ ತರಿಸಬೇಕಾಗಿಲ್ಲ. ಒಂದೇ ಕಸುಬಿನ ನಾಲ್ಕೈದು ಮನೆಯವರು, ಅಥವಾ ಒಂದು ಸ್ವಸಹಾಯ ಸಂಘದವರು, ಕೂಡಿ ಒಂದು ಪತ್ರಿಕೆ ತರಿಸಿ ಸರದಿಯ ಮೇಲೆ ಓದಬಹುದು. ಇಂಗ್ಲಿಷ್ ಪತ್ರಿಕೆಯಾದರೆ ಕಾಲೇಜಿಗೆ ಹೋಗುವ ಮಗಳೋ ಮಗನೋ ತಿಂಗಳಿಗೊಮ್ಮೆ ಕುಳಿತು ಹೇಳಿದರಾಯಿತು. ನಗರ ಕೇಂದ್ರ ಗ್ರಂಥಾಲಯ ಹಾಗೂ ಅದರ ಶಾಖೆಗಳಲ್ಲಿ ಪತ್ರಿಕೆಗಳನ್ನು ಪುಕ್ಕಟೆಯಾಗಿ ಓದಬಹುದು. ಬಂಡೀಪಾಳ್ಯದ ಮಾರುಕಟ್ಟೆಗೆ ಮಾಲು ತಂದ ದಿನ ಒಂದು ಗಂಟೆ ಇದಕ್ಕೆ ಮೀಸಲಿಟ್ಟರೆ ಪ್ರತ್ಯೇಕ ಬಸ್ ಖರ್ಚೂ ಇಲ್ಲ.

ಓದುವಾಗ ಎರಡು ರೂಪಾಯಿಯ ಪೆನ್ನು, ಒಂದು ಹಳೆಯ ನೋಟ್‌ಬುಕ್ ಜೊತೆಗಿರಲಿ. ಜಾರಿ ದಿನಾಂಕ, ದರ, ಕಚೇರಿಯ ಹೆಸರು ಇಷ್ಟನ್ನು ಬರೆದುಕೊಂಡು, ಬದಿಯಲ್ಲಿ ಪತ್ರಿಕೆಯ ಹೆಸರನ್ನೂ ತಿಂಗಳನ್ನೂ ಗುರುತು ಹಾಕಬೇಕು. ಕೇಂದ್ರದ ಮುಂಗಡಪತ್ರ 2017ರಿಂದ ಫೆಬ್ರವರಿ 1ರಂದು ಮಂಡನೆಯಾಗುತ್ತಿದೆ. ರಾಜ್ಯದ್ದು ಸಾಮಾನ್ಯವಾಗಿ ಅದರ ನಂತರ. ಈ ಎರಡು ತಿಂಗಳ ಸಂಚಿಕೆಗಳನ್ನು ರದ್ದಿಗೆ ಹಾಕದೆ ಮುಂದಿನ ಮುಂಗಡಪತ್ರ ಬರುವವರೆಗೆ ಇಟ್ಟುಕೊಳ್ಳುವುದು ಸೂಕ್ತ.