ಸುಟ್ಟದ್ದನ್ನು ಮತ್ತೆ ಕಟ್ಟುವಾಗ

2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹ ಹೊತ್ತಿ ಉರಿಯಿತು. ಮರುದಿನವೇ ಗಾಯಕ-ನಟ ಕೇಶವರಾಯರ ಜಯಂತಿ. ಕೊಲ್ಹಾಪುರದ ದೊರೆ ಶಾಹೂ ಮಹಾರಾಜರು ಕಟ್ಟಿಸಿದ ಈ ರಂಗಮಂದಿರ ಮಹಾಗಾಂವ, ಗಡಹಿಂಗ್ಲಜ ಸೀಮೆಯ ಕನ್ನಡಿಗರಿಗೆ ಹೊರಗಿನದಲ್ಲ. ಕೇಶವರಾಯರು ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು 1908ರಲ್ಲಿ ಹುಟ್ಟುಹಾಕಿದ್ದೇ ನಮ್ಮ ಹುಬ್ಬಳ್ಳಿಯಲ್ಲಿ. ಕಿಡಿ ಎಲ್ಲಿಂದ ಬಂತೆಂಬ ಚರ್ಚೆ ಬೇಕಾದದ್ದೇ. ಆದರೆ ಕಿಡಿಯನ್ನು ದಳ್ಳುರಿಯಾಗಿಸುವುದು ಅದಕ್ಕೆ ಸಿಗುವ ಆಹಾರ. ಹಳೆಯ ರಂಗಮಂದಿರಗಳಲ್ಲಿ ಮರದ ಹಲಗೆ, ಬಟ್ಟೆಯ ಪರದೆ, ವಿದ್ಯುತ್ ತಂತಿ ಎಲ್ಲವೂ ಒಂದೇ ಸೂರಿನಡಿ ಇರುತ್ತವೆ. ರಂಗದ ಮೇಲಿನ ಎತ್ತರದ ಖಾಲಿ ಜಾಗ ಹೊಗೆಗೂಡಿನಂತೆ ಜ್ವಾಲೆಯನ್ನು ಮೇಲಕ್ಕೆಳೆಯುತ್ತದೆ. ಆದ್ದರಿಂದ ‘ಇದ್ದ ಹಾಗೆಯೇ ಕಟ್ಟಿಕೊಡಿ’ ಎಂಬ ಬೇಡಿಕೆಯನ್ನು ಹೊರರೂಪದ ಮಟ್ಟಿಗೆ ಮಾತ್ರ ಒಪ್ಪಬೇಕು.

ಒಳಗಿನದೆಲ್ಲ ಬದಲಾದರೆ ಪರಂಪರೆ ಎಲ್ಲುಳಿಯಿತು ಎಂದು ಕೇಳುವವರ ನೋವು ನಿಜವಾದದ್ದು. ಅವರಿಗೆ ಮೈಸೂರೇ ಉತ್ತರ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ವೇಳೆ ಅಲ್ಲಿನ ಮರದ ಅರಮನೆ ಸುಟ್ಟುಹೋಯಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ಹೊಸ ಅರಮನೆಯ ಕೆಲಸ ವಹಿಸಿದರು. ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣದಲ್ಲಿ ಅದು 1912ರಲ್ಲಿ ಮುಗಿಯಿತು. ದಸರೆಯ ದರ್ಬಾರು ಅಲ್ಲೇ ನಡೆಯಿತು. ಇಂದು ಜನ ಅದನ್ನೇ ಮೈಸೂರಿನ ಗುರುತು ಎನ್ನುತ್ತಾರೆ. ಕೊಲ್ಹಾಪುರದ ನಟರಿಗೂ ಪ್ರೇಕ್ಷಕರಿಗೂ ಸಲ್ಲಬೇಕಾದದ್ದು ಇಂಥದೇ ಕಟ್ಟಡ: ಮುಖ ಶಾಹೂ ಕಾಲದ್ದು, ಪರದೆ ಬೆಂಕಿ ಹಿಡಿಯದ್ದು, ಬಾಗಿಲು ಹೊರಕ್ಕೆ ತೆರೆಯುವಂಥದ್ದು.